ಮೈಸೂರಿನಲ್ಲಿ ಮನೆ ಎಲ್ಲಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರು, ನೆಂಟರ ನೆಂಟರು, ಹಳೆಯ ಸಹೋದ್ಯೋಗಿಗಳು, ನಿವೃತ್ತಿಯ ಹೊಸ್ತಿಲಲ್ಲಿ ಇರುವವರು, ಹೀಗೆ ಮೈಸೂರಿಗೆ ಬಂದು ನೆಲೆಸಬೇಕೆಂದಿರುವ ಹಲವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಇಂಥ ವಿಚಾರಣೆಗಳು ಹೆಚ್ಚಾಗಿವೆ. ನಾನು ದಲ್ಲಾಳಿಯಲ್ಲ, ಮಾರಲು ನನ್ನ ಬಳಿ ಸೈಟೂ ಇಲ್ಲ. ಆದ್ದರಿಂದ ಕೆಲವು ಕಡೆ ಮುಲಾಜಿಲ್ಲದೆ ಬರೆದಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ, ಮೈಸೂರಿನಲ್ಲಿ ಒಳ್ಳೆಯ ಬಡಾವಣೆ ಯಾವುದು?

ಬಡಾವಣೆಯ ಹೆಸರು ಹೇಳುವುದಿಲ್ಲ, ಒಂದು ಗೆರೆ ತೋರಿಸುತ್ತೇನೆ. ಊರನ್ನು ಸುತ್ತುವರಿದಿರುವ ಹೊರ ವರ್ತುಲ ರಸ್ತೆ ಸುಮಾರು 42 ಕಿಲೋಮೀಟರ್ ಉದ್ದವಿದೆ. ಎಲ್ಲರೂ ಅದನ್ನು ರಿಂಗ್ ರೋಡ್ ಎಂದೇ ಕರೆಯುತ್ತಾರೆ. ನೀವು ನೋಡುತ್ತಿರುವ ಮನೆ ಅದರ ಒಳಗಿದೆಯೋ ಹೊರಗಿದೆಯೋ ಎಂಬುದು ಮೊದಲ ಪ್ರಶ್ನೆ. ನಲ್ಲಿಯಲ್ಲಿ ನದಿಯ ನೀರು ಬರುತ್ತದೆಯೋ ಕೊಳವೆಬಾವಿಯದ್ದೋ, ರಸ್ತೆಯ ಗುಂಡಿ ಮುಚ್ಚಬೇಕಾದವರು ಯಾರು, ಕಸದ ಗಾಡಿ ಬರುತ್ತದೆಯೇ, ರಾತ್ರಿ ಎಂಟರ ಮೇಲೆ ಬಸ್ ಸಿಗುತ್ತದೆಯೇ ಎಂಬುದೆಲ್ಲ ಹೆಚ್ಚಿನಂಶ ಈ ಗೆರೆಯ ಮೇಲೆ ನಿಂತಿದೆ. ಗೆರೆಯ ಒಳಗೂ ಕೆಟ್ಟ ಬೀದಿಗಳಿವೆ, ಹೊರಗೂ ಚೆನ್ನಾದ ಬೀದಿಗಳಿವೆ. ಆದರೂ ಹುಡುಕಾಟವನ್ನು ಇಲ್ಲಿಂದ ಶುರುಮಾಡಿದರೆ ಅರ್ಧ ಅಲೆದಾಟ ಉಳಿಯುತ್ತದೆ.

ರಿಂಗ್ ರೋಡ್ ದಾಟಿದರೆ ಅಂಥದ್ದೇನು ತೊಂದರೆ? ಮನೆಗಳೆಲ್ಲ ಹೊಸದಾಗಿ, ರಸ್ತೆಗಳು ಅಗಲವಾಗಿ ಕಾಣುತ್ತವಲ್ಲ?

ಕಾಣುತ್ತವೆ. ತೊಂದರೆ ಆಡಳಿತದ್ದು. 2020ರ ಕೊನೆಯಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ರಚಿಸಿದರು. ಇವನ್ನೆಲ್ಲ ಕೂಡಿಸಿ ಬೃಹತ್ ಮೈಸೂರು ಮಾಡುವ ಮಾತು ಬಹಳ ದಿನದಿಂದ ನಡೆದಿದೆ. ಪಂಚಾಯಿತಿಯ ಸಿಬ್ಬಂದಿ, ಪಂಚಾಯಿತಿಯ ವರಮಾನ ಇಟ್ಟುಕೊಂಡು ನಗರದ ಕೆಲಸ ಮಾಡಬೇಕಾದ ಸ್ಥಿತಿ ಅಲ್ಲಿನದು. 

ಅದಕ್ಕಿಂತ ದೊಡ್ಡ ಗೋಜಲು ಖಾಸಗಿ ಬಡಾವಣೆಗಳದ್ದು. ಮುಡಾದಿಂದ (ಈಗಿನ ಮೈಸೂರು ಅಭಿವೃದ್ಧಿ ಪ್ರಾಧಿಕಾರ) ನಕ್ಷೆಗೆ ಅನುಮೋದನೆ ಪಡೆದು ಮಾಡಿದ ಬಡಾವಣೆಯನ್ನು ಕೆಲಸವೆಲ್ಲ ಮುಗಿದ ಮೇಲೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಬೇಕು. ಅದು ಆಗದೆ ವರ್ಷಗಟ್ಟಲೆ ಉಳಿದಿರುವ ಬಡಾವಣೆಗಳಿವೆ. ಅಂಥ ಕಡೆ ಬೀದಿದೀಪ ಕೆಟ್ಟರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ, ಒಳಚರಂಡಿ ತುಂಬಿದರೆ ನಿವಾಸಿಗಳೇ ಚಂದಾ ಎತ್ತುತ್ತಾರೆ. ಬಾಡಿಗೆಗೆ ಹೋಗುವವರು ಇದನ್ನು ಸಹಿಸಿಕೊಂಡಾರು, ಬೇಡವೆನಿಸಿದರೆ ಮನೆ ಬದಲಿಸಿಯಾರು. ಕೊಳ್ಳುವವರು ಮಾತ್ರ "ಈ ಬಡಾವಣೆ ಹಸ್ತಾಂತರವಾಗಿದೆಯೇ?" ಎಂಬ ಒಂದು ಪ್ರಶ್ನೆಯನ್ನು ಮರೆಯಬಾರದು. ಮಾರುವವರು ತಡವರಿಸಿದರೆ ಉತ್ತರ ಸಿಕ್ಕಿತು ಎಂದೇ ತಿಳಿಯಿರಿ.

ಕಾವೇರಿ ಪಕ್ಕದಲ್ಲೇ ಇದೆ, ಕಬಿನಿಯೂ ಇದೆ. ಮೈಸೂರಿಗೆ ನೀರಿನ ಚಿಂತೆ ಏಕೆ?

ಉತ್ತರಕ್ಕೆ ಕಾವೇರಿ, ದಕ್ಷಿಣಕ್ಕೆ ಕಬಿನಿ ಇರುವುದು ನಿಜ. ಆದರೆ ಊರು ಕುಳಿತಿರುವುದು ಇವೆರಡರ ನಡುವಿನ ದಿಣ್ಣೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಬಿದ್ದ ಮಳೆಯಲ್ಲಿ ಒಂದು ಪಾಲು ಕಾವೇರಿಯ ಕಡೆಗೂ ಇನ್ನೊಂದು ಪಾಲು ಕಬಿನಿಯ ಕಡೆಗೂ ಹರಿದುಹೋಗುತ್ತದೆ. ನದಿಯ ನೀರು ತಾನಾಗಿ ಊರಿಗೆ ಬರುವುದಿಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಬಿದರಗೂಡುಗಳಿಂದ ಪಂಪು ಮಾಡಿ ಮೇಲೆತ್ತಬೇಕು. ವಾಣಿವಿಲಾಸ ನೀರು ಸರಬರಾಜು ವಿಭಾಗ ಅದನ್ನು ಹಂಚುತ್ತದೆ. ಪಂಪಿನ ಮನೆಯಲ್ಲಿ ವಿದ್ಯುತ್ ಕೈಕೊಟ್ಟರೆ ಅಥವಾ ದೊಡ್ಡ ಕೊಳವೆ ಒಡೆದರೆ ಊರಿನ ಒಂದು ಭಾಗದಲ್ಲಿ ಮಾರನೆಯ ದಿನ ನಲ್ಲಿ ಒಣಗುತ್ತದೆ.

ಹಳೆಯ ಬಡಾವಣೆಗಳಲ್ಲಿ ನದಿನೀರು ಸಾಮಾನ್ಯವಾಗಿ ಬರುತ್ತದೆ. ಕೆಲವು ಕಡೆ ದಿನವೂ ಕೆಲವು ಗಂಟೆ, ಕೆಲವು ಕಡೆ ದಿನ ಬಿಟ್ಟು ದಿನ. ರಿಂಗ್ ರೋಡ್ ಆಚೆಯ ಅನೇಕ ಬಡಾವಣೆಗಳು ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಆ ನೀರು ಗಡಸು. ಬೇಳೆ ಬೇಯುವುದಿಲ್ಲ, ಬಟ್ಟೆಯಲ್ಲಿ ನೊರೆ ಏಳುವುದಿಲ್ಲ, ಗೀಸರ್‌ನ ಒಳಗೆ ಸುಣ್ಣ ಕಟ್ಟುತ್ತದೆ. ಬೇಸಿಗೆ ಬಂತೆಂದರೆ ಟ್ಯಾಂಕರ್.

ಮನೆ ನೋಡಲು ಹೋದಾಗ ಮಾಲೀಕರು ಪಡಸಾಲೆಯ ಗ್ರಾನೈಟ್ ತೋರಿಸುತ್ತಾರೆ. ನೀವು ನೇರವಾಗಿ ಬಚ್ಚಲಿಗೆ ಹೋಗಿ. ನಲ್ಲಿಯ ಬಾಯಿಯ ಸುತ್ತ, ಬಕೆಟ್ಟಿನ ಒಳಗೋಡೆಯ ಮೇಲೆ ಬಿಳಿಯ ಪೊರೆ ಕಟ್ಟಿದೆಯೇ ನೋಡಿ, ಉಗುರಿನಿಂದ ಕೆರೆಯಿರಿ. ಪುಡಿಪುಡಿಯಾಗಿ ಉದುರಿದರೆ ಅದು ಕೊಳವೆಬಾವಿಯ ಸಹಿ. ಆಮೇಲೆ ಸಂಪಿನ ಮುಚ್ಚಳ ತೆಗೆಸಿ ಮೊಬೈಲಿನ ಬೆಳಕು ಬಿಟ್ಟು ನೋಡಿ. ಎಷ್ಟು ದೊಡ್ಡದು, ಎರಡು ಕೊಳವೆಗಳು ಒಳಗೆ ಬೀಳುತ್ತವೆಯೋ ಒಂದೇ ಇದೆಯೋ? ಎರಡಿದ್ದರೆ ಒಂದು ನದಿಯದ್ದು, ಇನ್ನೊಂದು ಕೊಳವೆಬಾವಿಯದ್ದು ಎಂದು ಬಹುಮಟ್ಟಿಗೆ ಹೇಳಬಹುದು. ಕೊನೆಯದಾಗಿ ಬೀದಿಯ ತಿರುವಿನ ಇಸ್ತ್ರಿ ಅಂಗಡಿಯವರನ್ನು "ನೀರು ಯಾವಾಗ ಬಿಡುತ್ತಾರೆ?" ಎಂದು ಕೇಳಿ. ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ವಾಲ್ವ್ ತಿರುಗಿಸಲು ಬರುವವರು ಸಿಕ್ಕರಂತೂ ಒಳ್ಳೆಯದು, ಆ ವಾರ್ಡಿನ ನೀರಿನ ಚರಿತ್ರೆಯೇ ಅವರ ಬಾಯಲ್ಲಿರುತ್ತದೆ.

ಹಳೇ ಉಂಡವಾಡಿ ಯೋಜನೆಯ ನೀರು ಬಂದರೆ ಎಲ್ಲ ಸರಿಹೋಗುತ್ತದಂತೆ?

ಕೆಆರ್‌ಎಸ್ ಹಿನ್ನೀರಿನಿಂದ ನೀರು ತರುವ ದೊಡ್ಡ ಯೋಜನೆ ಅದು, ಹೊರವಲಯಕ್ಕೆ ಬೇಕಾದದ್ದೇ. ಆದರೆ ನೀವು ಸಹಿ ಹಾಕುವ ದಿನ ನಲ್ಲಿಯಲ್ಲಿ ಏನಿದೆಯೋ ಅದಕ್ಕೆ ಮಾತ್ರ ಬೆಲೆ ಕಟ್ಟಿ.

ನನ್ನ ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಎಲ್ಲಿ ಮನೆ ಮಾಡಲಿ?

ವಿಜಯನಗರ, ಹಿನಕಲ್, ಹೆಬ್ಬಾಳ, ಮೇಟಗಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ ಎಂದರೆ ಗೋಕುಲಂ. ಇನ್ಫೋಸಿಸ್ ಆವರಣ ಬಂದ ಮೇಲೆ ಊರಿನ ವಾಯವ್ಯ ದಿಕ್ಕಿನ ಚಹರೆಯೇ ಬದಲಾಯಿತು. ವಿಜಯನಗರ ಒಂದೇ ಹೆಸರಾದರೂ ನಾಲ್ಕು ಊರಿದ್ದಂತೆ. 1 ಮತ್ತು 2ನೇ ಹಂತಗಳು ಮಾಗಿದ ಬಡಾವಣೆಗಳು, ನೆರಳಿನ ಮರ, ನಡೆದು ಹೋಗುವಷ್ಟು ದೂರದಲ್ಲಿ ಔಷಧಿ ಅಂಗಡಿ, ದೇವಸ್ಥಾನ, ತರಕಾರಿ. 3ನೇ ಹಂತದಲ್ಲಿ ದೊಡ್ಡ ಸೈಟುಗಳಲ್ಲಿ ದೊಡ್ಡ ಮನೆಗಳು. 4ನೇ ಹಂತ ರಿಂಗ್ ರೋಡಿನ ಆಚೆಗೂ ಚಾಚಿಕೊಂಡಿದೆ. ಅಲ್ಲಿ ಒಂದು ಬೀದಿಯಲ್ಲಿ ಸಾಲುಮನೆಗಳಿದ್ದರೆ ಪಕ್ಕದ ಬೀದಿಯಲ್ಲಿ ಪಾರ್ಥೇನಿಯಂ ಬೆಳೆದ ಖಾಲಿ ಸೈಟುಗಳು. ಜಾಹೀರಾತಿನಲ್ಲಿ "ವಿಜಯನಗರ" ಎಂದಷ್ಟೇ ಇದ್ದರೆ ಅದು 4ನೇ ಹಂತವೇ ಇರುತ್ತದೆ ಎಂದು ನಾನು ಊಹಿಸುತ್ತೇನೆ. 2ನೇ ಹಂತದವರು ಹಂತವನ್ನು ಬರೆಯದೆ ಬಿಡುವುದಿಲ್ಲ.

ಮೇಟಗಳ್ಳಿಯ ಕಡೆ ಕಾರ್ಖಾನೆಗಳ ವಾಸನೆ, ಲಾರಿಗಳ ಸದ್ದು ಇದೆ. ಅದಕ್ಕೆ ತಕ್ಕಂತೆ ಬಾಡಿಗೆಯೂ ಇಳಿಯುತ್ತದೆ. ಜಯದೇವ ಆಸ್ಪತ್ರೆ ಕೆಆರ್‌ಎಸ್ ರಸ್ತೆಯಲ್ಲೇ ಇರುವುದರಿಂದ ಹೃದ್ರೋಗಿಗಳಿರುವ ಮನೆಯವರು ಆ ಬದಿಯನ್ನು ಬೇಕೆಂದೇ ಆರಿಸಿಕೊಳ್ಳುವುದೂ ಉಂಟು.

ಕುವೆಂಪುನಗರ, ಸರಸ್ವತಿಪುರಂ, ರಾಮಕೃಷ್ಣನಗರ: ಮೂರರಲ್ಲಿ ಯಾವುದು?

ಮಧ್ಯಮ ವರ್ಗದ ಕುಟುಂಬಗಳು ಹೆಚ್ಚು ಕೇಳುವ ಪ್ರಶ್ನೆ ಇದು. ನನ್ನ ಮಟ್ಟಿಗೆ ಮೂರೂ ವಾಸಕ್ಕೆ ಯೋಗ್ಯ, ವ್ಯತ್ಯಾಸ ಇರುವುದು ಸ್ವಭಾವದಲ್ಲಿ.

ಸರಸ್ವತಿಪುರಂ ಹಳೆಯದು. ಮಾನಸಗಂಗೋತ್ರಿ, ಕುಕ್ಕರಹಳ್ಳಿ ಕೆರೆ ಹತ್ತಿರ. ಪ್ರಾಧ್ಯಾಪಕರ ಮನೆಗಳಾಗಿದ್ದವು ಈಗ ಒಂದೊಂದಾಗಿ ವಿದ್ಯಾರ್ಥಿಗಳ ಪಿ.ಜಿ.ಗಳಾಗುತ್ತಿವೆ. ಮುಖ್ಯರಸ್ತೆಗಳಲ್ಲಿ ತಿಂಡಿ ಗಾಡಿ, ಜೆರಾಕ್ಸ್ ಅಂಗಡಿ, ಸಂಜೆಯ ಗಲಾಟೆ ಇದ್ದರೂ ಒಳಗಿನ ಅಡ್ಡರಸ್ತೆಗಳು ಶಾಂತವಾಗಿವೆ. ಬೆಳಗ್ಗೆ ಆರಕ್ಕೆ ಎದ್ದು ಕೆರೆ ಏರಿಯ ಮೇಲೆ ನಡೆಯುವ ಅಭ್ಯಾಸವಿದ್ದವರಿಗೆ ಬೇರೆ ಜಾಗ ಹಿಡಿಸುವುದೇ ಇಲ್ಲ. 

ಕುವೆಂಪುನಗರ ಹೆಚ್ಚು ಅನುಕೂಲದ ಜಾಗ. ಬಸ್ಸು, ಕಾಂಪ್ಲೆಕ್ಸ್, ಅಪೊಲೊ ಬಿಜಿಎಸ್ ಆಸ್ಪತ್ರೆ, ಸಂಗೀತ ಕೇಳುವವರಿಗೆ ಗಾನಭಾರತಿಯ ವೀಣೆ ಶೇಷಣ್ಣ ಭವನ ಎಲ್ಲ ಕೈಗೆಟುಕುತ್ತವೆ. ಹಾಗೆಂದೇ ಅಲ್ಲಿ ನಿಲುಗಡೆಗೆ ಜಾಗವಿಲ್ಲ. 30×40ರ ಸೈಟಿನಲ್ಲಿ ಮೂರು ಅಂತಸ್ತು ಎದ್ದಿರುವ ಬೀದಿಗಳಲ್ಲಿ ಪ್ರತಿ ಅಂತಸ್ತಿಗೂ ಒಂದೊಂದು ಕಾರು. ಬಾಡಿಗೆ ಮಾತಾಡುವಾಗ ಗಾಡಿ ನಿಲ್ಲಿಸುವ ಜಾಗವನ್ನು ಕರಾರಿನಲ್ಲೇ ಬರೆಸಿ.

ರಾಮಕೃಷ್ಣನಗರ ಇವೆರಡಕ್ಕಿಂತ ಕಿರಿಯದು, ಸ್ವಲ್ಪ ಅಗಲವಾದ ರಸ್ತೆಗಳು, ಹತ್ತಿರದಲ್ಲೇ ಲಿಂಗಾಂಬುಧಿ ಕೆರೆ. ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸಬೇಕೆನ್ನುವವರಿಗೆ ನೃಪತುಂಗ ಶಾಲೆ ಅಲ್ಲೇ ಇದೆ. ಅಲ್ಲಿಂದ ಮುಂದೆ ದಟ್ಟಗಳ್ಳಿ. ಬೆಲೆ ಇಳಿಯುತ್ತಾ ಹೋದಂತೆ ನೀರಿನ ಪ್ರಶ್ನೆ ಏರುತ್ತಾ ಹೋಗುತ್ತದೆ.

ಈ ಪಶ್ಚಿಮದ ಬಡಾವಣೆಗಳಿಂದ ಊರ ನಡುವಿಗೆ ಹೋಗುವವರು ರೈಲು ಹಳಿ ದಾಟಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕುಕ್ಕರಹಳ್ಳಿ ಕೆರೆಯ ಬಳಿಯ ಗೇಟು ಬಿದ್ದಾಗ ಸಾಲು ಎಷ್ಟುದ್ದವಾಗುತ್ತದೆ ಎಂಬುದನ್ನು ಬೆಳಗ್ಗೆ ಒಂಬತ್ತೂವರೆಗೆ ಹೋಗಿ ನೋಡಬೇಕು, ಭಾನುವಾರ ಮಧ್ಯಾಹ್ನ ಹೋದರೆ ತಿಳಿಯುವುದಿಲ್ಲ.

ಲಕ್ಷ್ಮೀಪುರಂ, ಚಾಮರಾಜಪುರಂ, ಅಗ್ರಹಾರದಂಥ ಹಳೆಯ ಭಾಗಗಳಲ್ಲಿ ಈಗಲೂ ವಾಸಿಸಬಹುದೇ?

ಖಂಡಿತ. 1890ರ ದಶಕದ ಕೊನೆಯಲ್ಲಿ ಪ್ಲೇಗು ಬಂದು ಊರು ತತ್ತರಿಸಿದ ಮೇಲೆ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು. ಗಾಳಿ ಬೆಳಕು ಬರುವ ಮನೆ, ನೇರ ರಸ್ತೆ, ಹಿಂಬದಿಯಲ್ಲಿ ಕಸ ಸಾಗಿಸಲು ಕನ್ಸರ್‌ವೆನ್ಸಿ ಗಲ್ಲಿ, ನಡುನಡುವೆ ಉದ್ಯಾನ ಎಂಬ ಕ್ರಮದಲ್ಲಿ ಈ ಬಡಾವಣೆಗಳು ಎದ್ದವು. ನೂರು ವರ್ಷದ ಮೇಲೂ ಆ ಯೋಜನೆ ಕೈಕೊಟ್ಟಿಲ್ಲ. ನೀರು, ಬಸ್ಸು, ದೇವರಾಜ ಮಾರುಕಟ್ಟೆ, ಚಾಮರಾಜಪುರಂ ರೈಲು ನಿಲ್ದಾಣ, ಕೆ.ಆರ್. ಆಸ್ಪತ್ರೆ ಎಲ್ಲವೂ ಹತ್ತಿರ. 

ತೊಡಕು ಎರಡು. ಮನೆಗಳಿಗೆ ವಯಸ್ಸಾಗಿದೆ. ಗಾರೆಯ ಗೋಡೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆಯ ಚಾವಣಿ) ಇರುವ ಮನೆ ಬೇಸಿಗೆಯಲ್ಲಿ ತಂಪು, ಆದರೆ ಮಳೆಗಾಲದಲ್ಲಿ ಸೋರುವ ಮೂಲೆ ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು. ಎರಡನೆಯದು ಕಾಗದಪತ್ರ. ಅಣ್ಣತಮ್ಮಂದಿರ ಭಾಗ ಪತ್ರವಾಗದ ಮನೆಗಳು ಅಗ್ರಹಾರದ ಸುತ್ತಮುತ್ತ ಬಹಳ. ಬಾಡಿಗೆಗೆ ಸರಿ, ಕೊಳ್ಳುವುದಾದರೆ ಅಮೆರಿಕದಲ್ಲಿರುವ ಮೂರನೆಯ ತಮ್ಮನ ಸಹಿಯೂ ಬೇಕಾದೀತು.

ಗೋಕುಲಂ, ಜಯಲಕ್ಷ್ಮೀಪುರಂ, ಯಾದವಗಿರಿ ಇಷ್ಟು ದುಬಾರಿ ಏಕೆ?

ಎತ್ತರದ ಜಾಗ, ದೊಡ್ಡ ನಿವೇಶನಗಳು, ರೈಲು ನಿಲ್ದಾಣ ಹತ್ತಿರ, ಹಿಂದಿನಿಂದಲೂ ಉಳ್ಳವರ ವಾಸ. ಗೋಕುಲಂಗೆ ಇನ್ನೊಂದು ಕಾರಣವಿದೆ. ಅಷ್ಟಾಂಗ ಯೋಗದ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಿಂದ ಅಲ್ಲಿಗೆ ಶಾಲೆಯನ್ನು ಸ್ಥಳಾಂತರಿಸಿದ ಮೇಲೆ ವಿದೇಶಿ ಸಾಧಕರು ತಿಂಗಳುಗಟ್ಟಲೆ ಬಂದು ಇರತೊಡಗಿದರು. ಮಾಲೀಕರು ಮೇಲಿನ ಅಂತಸ್ತಿಗೆ ಮಂಚ, ಫ್ರಿಜ್, ವೈಫೈ ಹಾಕಿಸಿ ತಿಂಗಳ ಲೆಕ್ಕದಲ್ಲಿ ಕೊಟ್ಟರು. ವರ್ಷವಿಡೀ ಇರುವ ಸ್ಥಳೀಯ ಕುಟುಂಬಕ್ಕಿಂತ ಚಳಿಗಾಲದ ನಾಲ್ಕು ತಿಂಗಳ ಅತಿಥಿಯೇ ಲಾಭ ಎಂದಾದರೆ ಕುಟುಂಬಕ್ಕೆ ಮನೆ ಸಿಗುವುದು ಕಷ್ಟ. ಪಕ್ಕದ ಒಂಟಿಕೊಪ್ಪಲು ಅಷ್ಟೇ ಹತ್ತಿರ, ಇನ್ನೂ ಮೈಸೂರಿನ ಹದದಲ್ಲಿದೆ. ಅಲ್ಲಿ 8ನೇ ಕ್ರಾಸಿನ ಗಣೇಶೋತ್ಸವದ ಕಛೇರಿಗಳು ರಸ್ತೆಯಲ್ಲೇ ನಡೆಯುತ್ತವೆ. ನನಗೆ ಆಯ್ಕೆ ಕೊಟ್ಟರೆ ಒಂಟಿಕೊಪ್ಪಲು.

ಚಾಮುಂಡಿ ಬೆಟ್ಟದ ಬುಡದಲ್ಲಿ ಸೈಟು ಸಿಗುತ್ತಿದೆ. ಬೆಟ್ಟ ಕಾಣುವ ಮನೆ ಎಂದರೆ ಆಸೆಯಾಗುತ್ತದೆ.

ಆಸೆ ಸಹಜ. ಸಿದ್ಧಾರ್ಥ ಬಡಾವಣೆ ಈ ದಿಕ್ಕಿನಲ್ಲಿ ಬಹುಕಾಲದಿಂದ ನೆಲೆನಿಂತ, ಒಳ್ಳೆಯ ಜಾಗ. ಕೇಂದ್ರೀಯ ವಿದ್ಯಾಲಯವೂ ಆ ಕಡೆಯೇ. ಅದರಾಚೆ ಆಲನಹಳ್ಳಿ, ಲಲಿತಾದ್ರಿಪುರದತ್ತ ಹೋದಂತೆ ಹೊಸ ಬಡಾವಣೆಗಳು. ಅಲ್ಲಿ ಸೈಟಿನ ಹತ್ತಿರದ ಹಳ್ಳ, ರಾಜಕಾಲುವೆ ಎಲ್ಲಿ ಹರಿಯುತ್ತದೆ ಎಂದು ಗ್ರಾಮನಕ್ಷೆಯಲ್ಲಿ ನೋಡಿ. ಜೋರು ಮಳೆಗೆ ಬೆಟ್ಟದಿಂದ ಇಳಿಯುವ ನೀರಿಗೆ ನಿಮ್ಮ ಕಾಂಪೌಂಡು ಲೆಕ್ಕಕ್ಕಿಲ್ಲ. 2021ರ ಮಳೆಯಲ್ಲಿ ಬೆಟ್ಟದ ಮೇಲಿನ ನಂದಿ ವಿಗ್ರಹದ ಬಳಿಯ ರಸ್ತೆಯೇ ಕುಸಿದಿತ್ತು.

ಚಿರತೆಯ ಬಗ್ಗೆಯೂ ಕೇಳುತ್ತಾರೆ. ಬೆಟ್ಟದ ತಪ್ಪಲಿನಲ್ಲಿ ಕಾಣಿಸಿಕೊಳ್ಳುವುದು ಹೊಸದಲ್ಲ. ಹಾಗೆಂದು ಊರಿನ ಇನ್ನೊಂದು ತುದಿಗೆ ಹೋದರೆ ತಪ್ಪಿತು ಎಂದೂ ಇಲ್ಲ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದಲ್ಲೇ ಚಿರತೆ ಕಾಣಿಸಿಕೊಂಡು ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಬೇಕಾಯಿತು. ನಜರ್‌ಬಾದ್, ಇಟ್ಟಿಗೆಗೂಡಿನವರಿಗಂತೂ ಬೆಳಗಿನ ಜಾವ ಸಿಂಹದ ಗರ್ಜನೆ ಕೇಳಿ ಅಭ್ಯಾಸ, ಮೃಗಾಲಯ 1892ರಿಂದ ಅಲ್ಲೇ ಇದೆ.

ದಕ್ಷಿಣದ ಜೆ.ಪಿ. ನಗರ, ಶ್ರೀರಾಂಪುರ, ನಂಜನಗೂಡು ರಸ್ತೆಯ ಕಡೆ ಹೇಗೆ?

ಕೊಟ್ಟ ಹಣಕ್ಕೆ ಹೆಚ್ಚು ಜಾಗ ಸಿಗುವ ದಿಕ್ಕು. ಅಶೋಕಪುರಂ ರೈಲು ನಿಲ್ದಾಣ, ನಂಜನಗೂಡಿನ ಕಾರ್ಖಾನೆಗಳು, ಬಂಡಿಪಾಳ್ಯದ ಎಪಿಎಂಸಿ, ಮಂಡಕಳ್ಳಿ ವಿಮಾನ ನಿಲ್ದಾಣ ಎಲ್ಲ ಈ ಬದಿ. ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಕಸದ ರಾಶಿಯೂ ಈ ಬದಿಯೇ. ಗಾಳಿ ತಿರುಗಿದ ದಿನ ಸುತ್ತಲಿನ ಬಡಾವಣೆಗಳವರು ಕಿಟಕಿ ಮುಚ್ಚುತ್ತಾರೆ. ಮೈಸೂರು 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರ ಎನಿಸಿಕೊಂಡಾಗಲೂ ಆ ರಾಶಿ ಅಲ್ಲೇ ಇತ್ತು. ಆದ್ದರಿಂದ ಇಲ್ಲಿ ಮನೆ ನೋಡಲು ಒಮ್ಮೆ ಬೆಳಗ್ಗೆ, ಒಮ್ಮೆ ರಾತ್ರಿ, ಸಾಧ್ಯವಾದರೆ ಮಳೆ ಬಂದ ಮಾರನೆಯ ದಿನ ಹೋಗಿ. ಮೂಗಿಗಿಂತ ದೊಡ್ಡ ದಾಖಲೆ ಬೇಕಿಲ್ಲ.

ವಾರಕ್ಕೆ ಎರಡು ಮೂರು ದಿನ ಬೆಂಗಳೂರಿಗೆ ಹೋಗಿಬರಬೇಕು. ಯಾವ ಕಡೆ ಅನುಕೂಲ?

ರೈಲಿನಲ್ಲಿ ಹೋಗುವವರೋ ಕಾರಿನಲ್ಲಿ ಹೋಗುವವರೋ ಎಂಬುದನ್ನು ಮೊದಲು ನಿರ್ಧರಿಸಿ. ರೈಲಾದರೆ ಮೈಸೂರು ಜಂಕ್ಷನ್‌ಗೆ ಹತ್ತಿರವಾದ ಯಾದವಗಿರಿ, ಒಂಟಿಕೊಪ್ಪಲು, ಪಡುವಾರಹಳ್ಳಿ. ಕೆಲವು ರೈಲುಗಳು ಅಶೋಕಪುರಂನಿಂದಲೇ ಹೊರಡುವುದರಿಂದ ಜಯನಗರ, ಶ್ರೀರಾಂಪುರದವರಿಗೂ ಅನುಕೂಲ. ಅಲ್ಲಿ ಹತ್ತಿದರೆ ಕೂರಲು ಜಾಗ ಸಿಗುತ್ತದೆ ಎಂಬುದು ನಿತ್ಯ ಪ್ರಯಾಣಿಕರೆಲ್ಲ ಬಲ್ಲ ಗುಟ್ಟು. ಕಾರಾದರೆ ಹೆದ್ದಾರಿ ಬಂದು ಸೇರುವ ಮಣಿಪಾಲ್ ಆಸ್ಪತ್ರೆಯ ಜಂಕ್ಷನ್ ಕಡೆ, ಎಂದರೆ ಬನ್ನಿಮಂಟಪ, ಸಿದ್ದಲಿಂಗಪುರ, ಸಾತಗಳ್ಳಿಯ ಬದಿ. ದಟ್ಟಗಳ್ಳಿಯಲ್ಲಿ ಮನೆ ಮಾಡಿ ಹೆದ್ದಾರಿ ಹಿಡಿಯುತ್ತೇನೆ ಎಂದರೆ ಅರ್ಧ ರಿಂಗ್ ರೋಡ್ ಸುತ್ತಬೇಕು. ಬೈಕಿನವರು ಗಮನಿಸಿ, 2023ರ ಆಗಸ್ಟ್‌ನಿಂದ ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಸ್ವಂತ ವಾಹನವಿಲ್ಲದೆ ಬದುಕಬಹುದೇ?

ಹಳೆಯ ಭಾಗಗಳಲ್ಲಿ ಆರಾಮವಾಗಿ. ನಗರ ಸಾರಿಗೆ ಬಸ್ಸುಗಳು ಅರಮನೆಯ ಬಳಿಯ ನಗರ ನಿಲ್ದಾಣದಿಂದ ಎಲ್ಲ ದಿಕ್ಕಿಗೂ ಹೊರಡುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಖರ್ಚೂ ಇಲ್ಲ. ಆದರೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಅಡ್ಡ ಹಾಯುವ ಬಸ್ಸುಗಳು ಕಡಿಮೆ. ವಿಜಯನಗರದಿಂದ ಜೆ.ಪಿ. ನಗರಕ್ಕೆ ಹೋಗಬೇಕಾದರೆ ಬಹುತೇಕ ನಗರ ನಿಲ್ದಾಣದಲ್ಲಿ ಇಳಿದು ಹತ್ತಬೇಕು. ಕೆಲಸದ ಜಾಗ, ಮಕ್ಕಳ ಶಾಲೆ, ಮನೆ ಮೂರೂ ಒಂದೇ ಬಸ್ ಮಾರ್ಗದಲ್ಲಿ ಬರುವಂತೆ ಆರಿಸಿಕೊಂಡವರು ಜಾಣರು.

ದಸರಾ ಸಮಯದಲ್ಲಿ ಊರ ನಡುವೆ ಇರುವುದು ಕಷ್ಟವೇ?

ಹತ್ತು ದಿನದ ಮಾತು. ಜಂಬೂಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪ ತಲುಪುವ ಸುಮಾರು 5 ಕಿಲೋಮೀಟರ್ ದಾರಿಯ ಆಸುಪಾಸಿನವರಿಗೆ ವಿಜಯದಶಮಿಯಂದು ಗಾಡಿ ಹೊರತೆಗೆಯುವಂತಿಲ್ಲ. ಉಳಿದ ದಿನ ಏಕಮುಖ ಸಂಚಾರ, ಸಂಜೆ ದೀಪಾಲಂಕಾರ ನೋಡುವವರ ಸಾಲು. ಆ ವಾರ ನೆಂಟರೆಲ್ಲ ನಿಮ್ಮ ಮನೆಗೇ ಬರುತ್ತಾರೆ ಎಂಬುದು ನಿಜವಾದ ಕಷ್ಟ.

ಬಾಡಿಗೆಗೆ ಹೋದಾಗ "ನೀವು ಯಾವ ಜನ?" ಎಂದು ಕೇಳುತ್ತಾರೆಯೇ?

ಕೇಳುತ್ತಾರೆ. ಕೆಲವರು ನೇರವಾಗಿ, ಕೆಲವರು "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಫಲಕದ ಮೂಲಕ, ಕೆಲವರು ಊರು ಯಾವುದು, ಮನೆದೇವರು ಯಾವುದು ಎಂದು ಸುತ್ತಿಬಳಸಿ. ಹಳೆಯ ಅಗ್ರಹಾರಗಳಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ, ಹೊಚ್ಚ ಹೊಸ ಬಡಾವಣೆಗಳಲ್ಲೂ ಇದೇ ಕಥೆ. ಸಂಸ್ಕೃತಿಯ ನಗರಿ ಎಂದು ಎದೆಯುಬ್ಬಿಸುವ ಊರಿಗೆ ಇದು ಶೋಭೆ ತರುವುದಿಲ್ಲ. ದಲ್ಲಾಳಿಗಳೂ ಮುಸ್ಲಿಮರು ಹೆಚ್ಚಾಗಿರುವ ಉದಯಗಿರಿ, ರಾಜೀವ್‌ನಗರದ ಹೆಸರು ಬಂದರೆ ದನಿ ತಗ್ಗಿಸುತ್ತಾರೆ. ಅಲ್ಲಿ ದಟ್ಟಣೆ ಹೆಚ್ಚು ಎನ್ನುವುದು ಒಪ್ಪತಕ್ಕ ಮಾತು, ಅದರಾಚೆಯ ಪಿಸುಮಾತುಗಳಿಗೆ ಕಿವಿಗೊಡದೆ ನೀವೇ ಹೋಗಿ ನೋಡಿ. ಪ್ರಾಯೋಗಿಕ ಸಲಹೆ ಇಷ್ಟು: ಮುಂಗಡ ಕೊಡುವ ಮೊದಲೇ ಊಟ, ಅತಿಥಿ, ಸಾಕುಪ್ರಾಣಿಗಳ ಮಾತು ಬಿಚ್ಚಿ ಆಡಿ. ಮುಚ್ಚಿಟ್ಟುಕೊಂಡು ಹೋದ ಮನೆಯಲ್ಲಿ ನಿಶ್ಚಿಂತೆಯಾಗಿ ಒಗ್ಗರಣೆ ಹಾಕಲೂ ಆಗುವುದಿಲ್ಲ.

ಭೋಗ್ಯಕ್ಕೆ ಮನೆ ತೆಗೆದುಕೊಳ್ಳುವುದು ಲಾಭವೇ?

ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟೂ ಹಣ ವಾಪಸು ಪಡೆಯುವ ಪದ್ಧತಿ ಇಲ್ಲಿ ಬಳಕೆಯಲ್ಲಿದೆ. ಲೆಕ್ಕ ಚೆಂದ, ಅಪಾಯವೆಲ್ಲ ನಿಮ್ಮದು. ಮಾಲೀಕರು ಆ ಹಣವನ್ನು ಮಗಳ ಮದುವೆಗೋ ಹಳೆಯ ಸಾಲಕ್ಕೋ ಹಾಕಿರುತ್ತಾರೆ, ಹಿಂದಿರುಗಿಸಲು ಮುಂದಿನ ಭೋಗ್ಯದಾರರು ಸಿಗುವತನಕ ಕಾಯಬೇಕಾಗುತ್ತದೆ. ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ ಎಂದು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ. "ನಮ್ಮಲ್ಲಿ ಅದೆಲ್ಲ ಪದ್ಧತಿ ಇಲ್ಲ, ಛಾಪಾ ಕಾಗದ ಸಾಕು" ಎನ್ನುವವರಿಗೆ ನಮಸ್ಕಾರ ಹೇಳಿ ಹೊರಡಿ.

ಸೈಟು ಕೊಳ್ಳುವಾಗ ಯಾವ ಕಾಗದ ನೋಡಬೇಕು?

ವಕೀಲರಿಗೆ ತೋರಿಸಿ, ಅದಕ್ಕೆ ಬದಲಿಯಿಲ್ಲ. ಅವರ ಬಳಿ ಹೋಗುವ ಮೊದಲು ನೀವೇ ಕೇಳಬೇಕಾದವು: ಪ್ರಾಧಿಕಾರದ ನಿವೇಶನವಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಹಕ್ಕುಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ. ಖಾಸಗಿ ಬಡಾವಣೆಯಾದರೆ ಭೂಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ನಿವೇಶನ ಬಿಡುಗಡೆಯ ಪತ್ರ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ. 50:50 ಅನುಪಾತದಲ್ಲಿ (ಪ್ರಾಧಿಕಾರ ಪಡೆದ ಜಮೀನಿಗೆ ಪ್ರತಿಯಾಗಿ, ಅಭಿವೃದ್ಧಿಪಡಿಸಿದ ಭೂಮಿಯ ಅರ್ಧದಷ್ಟು) ಬದಲಿಯಾಗಿ ಕೊಟ್ಟ ನಿವೇಶನ ಎಂದರೆ ಎರಡು ಪಟ್ಟು ಎಚ್ಚರ ಬೇಕು, ಆ ಹಂಚಿಕೆಗಳ ವಿವಾದ 2024ರಲ್ಲಿ ರಾಜ್ಯವನ್ನೇ ಅಲುಗಾಡಿಸಿದ್ದು ನೆನಪಿದೆಯಲ್ಲ.

ಕಂದಾಯ ಭೂಮಿಯಲ್ಲಿ ಗೆರೆ ಎಳೆದು ಮಾರುವ ಸೈಟುಗಳು ಹೊರವಲಯದಲ್ಲಿ ಧಾರಾಳವಾಗಿವೆ. 2025ರಲ್ಲಿ ಸರ್ಕಾರ ಬಿ-ಖಾತೆ ಕೊಡುವ ಅಭಿಯಾನ ನಡೆಸಿದ ಮೇಲೆ "ಈಗ ಎಲ್ಲ ಸಕ್ರಮ ಸಾರ್" ಎನ್ನುವವರು ಹುಟ್ಟಿಕೊಂಡಿದ್ದಾರೆ. ಬಿ-ಖಾತೆ ಎಂದರೆ ನಿಮ್ಮಿಂದ ತೆರಿಗೆ ಪಡೆಯಲು ದಾಖಲೆ ಆಯಿತು ಎಂದಷ್ಟೇ, ಆ ಬಡಾವಣೆಯ ರಸ್ತೆ, ಉದ್ಯಾನ, ಚರಂಡಿಗಳಿಗೆ ಅನುಮೋದನೆ ಸಿಕ್ಕಿತು ಎಂದಲ್ಲ. ಬ್ಯಾಂಕಿನ ಸಾಲಕ್ಕೆ ಹೋದಾಗ ಈ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ರಿಂಗ್ ರೋಡಿನ ಆಚೆ ಪೆರಿಫೆರಲ್ ರಸ್ತೆ ಬರುತ್ತದೆ, ನಂಜನಗೂಡಿನ ಬಳಿಯ ಹಿಮ್ಮಾವಿನಲ್ಲಿ ಫಿಲ್ಮ್ ಸಿಟಿ ಬರುತ್ತದೆ, ಈಗಲೇ ಕೊಳ್ಳಿ ಎನ್ನುತ್ತಾರೆ.

ಬರಲಿ, ಸಂತೋಷ. ವಾಸಕ್ಕೆ ಮನೆ ಹುಡುಕುವವರಿಗೆ ಅದು ಸಂಬಂಧವಿಲ್ಲ.

ಮನೆ ಬಹುತೇಕ ಒಪ್ಪಿಗೆಯಾಗಿದೆ. ಮುಂಗಡ ಕೊಡುವ ಮೊದಲು ಇನ್ನೇನಾದರೂ?

ಮೊದಲು ವಿಳಾಸವನ್ನು ಪೂರ್ತಿ ಬರೆಸಿಕೊಳ್ಳಿ. ವಿಜಯನಗರ, ಜಯನಗರ, ಜೆ.ಪಿ. ನಗರ, ಹೆಬ್ಬಾಳ ಬೆಂಗಳೂರಿನಲ್ಲೂ ಇವೆ, ಪಿನ್‌ಕೋಡ್ ತಪ್ಪಿದರೆ ನಿಮ್ಮ ಪಾರ್ಸೆಲ್ಲು ಹೆದ್ದಾರಿಯ ಆ ತುದಿಯಲ್ಲೇ ಉಳಿದುಬಿಡುತ್ತದೆ. ಮನೆ ಯಾವ ಸ್ಥಳೀಯ ಸಂಸ್ಥೆಗೆ ಸೇರಿದೆ ಎಂದು ಕಂದಾಯ ರಸೀದಿ ನೋಡಿಯೇ ಖಚಿತಪಡಿಸಿಕೊಳ್ಳಿ, ಬಾಯಿಮಾತು ಬೇಡ. ವಿದ್ಯುತ್ ಬಿಲ್ಲಿನಲ್ಲಿ ಬಾಕಿ ಇದೆಯೇ, ಮೀಟರು ನಿಮ್ಮ ಅಂತಸ್ತಿಗೆ ಪ್ರತ್ಯೇಕವೇ ಎಂದು ನೋಡಿ. ನೀರಿನ ಬಿಲ್ಲನ್ನು ಹೇಗೆ ಹಂಚಿಕೊಳ್ಳುವುದು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಕರಾರಿನಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಖಾಲಿ ಮನೆಯ ಗೋಡೆ, ಬಾಗಿಲು, ಬಚ್ಚಲುಗಳ ಚಿತ್ರಗಳನ್ನು ದಿನಾಂಕ ಬೀಳುವಂತೆ ತೆಗೆದು ಅದೇ ದಿನ ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ. ಹಾಲು ಉಕ್ಕಿಸುವ ದಿನಕ್ಕೆ ಮುಹೂರ್ತ ನೋಡುವವರಾದರೆ ಅದು ನೀರು ಬಿಡುವ ದಿನವೂ ಆಗಿರಲಿ.